ತೋಪಿಗೆ ಹಾಕಿದ ಮುಯ್ಯಿ

ಮುಯ್ಯಿ ಹಾಕುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಯಾರದೋ ಮದುವೆಗೆ ಹೋಗಿ ಕವರು ಕೊಡುವುದು, ಅವರು ನಮ್ಮನೆ ಕಾರ್ಯಕ್ಕೆ ಬಂದು ಇನ್ನಷ್ಟು ಸೇರಿಸಿ ತೀರಿಸುವುದು. ಮುಗಿಯದ ಈ ಆಟ ಯಾರಿಗೆ ಬೇಕಿತ್ತು ಎಂದು ಬೈದುಕೊಂಡೇ ಕೊಡುತ್ತಿದ್ದೆ. ಈಗ ಅದೇ ಮುಯ್ಯಿಗೆ ಕೈ ಮುಗಿಯುತ್ತೇನೆ.

ಮೂಡಲಪಾಳ್ಯದ ನಮ್ಮ ಮನೆಯ ಹಿಂದೆ ಹಳೆಯ ತೋಪೊಂದಿದೆ. ಹೊಂಗೆ, ನೇರಳೆ, ತಲೆಕೆಳಗಾಗಿ ಜೋತುಬಿದ್ದು ಜಗಳವಾಡುವ ಬಾವಲಿಗಳು. ಸೈಟಾಗಿ ಹೋಗಲಿದ್ದದ್ದನ್ನು ಸರ್ಕಾರ ಕೊಂಡು ಉಳಿಸಿತು. ಹಾಗೆ ಉಳಿಸಿದ ಪುಣ್ಯಾತ್ಮರನ್ನು ಇವತ್ತಿಗೂ ನೆನೆಯುತ್ತೇನೆ. ಬೇಸಿಗೆಯಲ್ಲೂ ನನಗೆ ನಿದ್ದೆ ಬರುವುದು ಆ ಗಾಳಿಯಿಂದ. ಗೇಟು ಬಂತು, ಬೋರ್ಡು ಬಂತು, ರಿಬ್ಬನ್ ಕತ್ತರಿಸಿ ಬಾದುಷಾ ಹಂಚಿದರು. ಕಾವಲಿಗೆ, ಎಳೆಗಿಡಗಳಿಗೆ ನೀರು ಹಾಕಲಿಕ್ಕೆ ಬಾಗಲಕೋಟೆ ಕಡೆಯ ಯಮನಪ್ಪ ಬಂದ. ಒಂದು ದಿನ ಅವನು ಗೇಟಿಗೆ ಒರಗಿ, "ಅವ್ವಾರ, ಬರೂ ತಿಂಗಳಿಂದ ನಾ ಇರಂಗಿಲ್ರಿ. ಪಗಾರ ಬಂದ್ ಆಗೈತ್ರಿ" ಎಂದ. ಅವನು ಹೋದರೆ ಗಿಡ ಒಣಗುತ್ತದೆ. ಕಟ್ಟಡ ಒಡೆದ ಮಣ್ಣು ತಂದು ಸುರಿಯುವವರಂತೂ ಕಾದೇ ಇದ್ದರು.

ತೋಪು ನೋಡಲು ಬಂದ ಸರ್ಕಾರದ ಸಾಹೇಬರನ್ನು ಹಿಡಿದು ಕೇಳಿದೆ. ಕೊಳ್ಳಲು ಹಣವಿತ್ತಂತೆ, ನೋಡಿಕೊಳ್ಳಲು ಇಲ್ಲವಂತೆ. "ಸೊಸೇನ ಮನೆ ತುಂಬಿಸ್ಕೊಂಡು ಊಟಕ್ಕೆ ಅಕ್ಕಿ ಇಲ್ಲ ಅಂದಂಗಾಯ್ತಲ್ಲ ಸಾರ್" ಎಂದೆ. ಪಾಪ, ನಕ್ಕರು. ಜನ ಕೊಟ್ಟರೆ ತೋಪಿನ ಖಾತೆಗೆ ಹಾಕಿ ಯಮನಪ್ಪನ ಸಂಬಳಕ್ಕೆ ಕೊಡಬಹುದು ಎಂದು ದಾರಿಯನ್ನೂ ತೋರಿಸಿದರು.

ಚಂದಾ ಕೇಳಲು ಹೋದರೆ, ಗಣೇಶನಿಗೆ ಕೊಡುವ ಬೀದಿಯವರು ಮರಕ್ಕೆ ಕೊಡಲಿಲ್ಲ. ಎದುರುಮನೆ ಜಯಮ್ಮ ಬಾಗಿಲನ್ನೇ ತೆಗೆಯಲಿಲ್ಲ. ಅಷ್ಟರಲ್ಲಿ ಮೊಮ್ಮಗಳ ನಾಮಕರಣ ಬಂತು. ಮಗುವಿಗೆ ಬಟ್ಟೆ, ಬೆಳ್ಳಿ ಲೋಟ ಏನೂ ಬೇಡ, ಮುಯ್ಯಿ ತೋಪಿಗೆ ಹಾಕಿ ಎಂದು ಎಲ್ಲರಿಗೂ ಹೇಳಿಬಿಟ್ಟೆ. ಹಾಕದೆ ಹೋಳಿಗೆ ತಿಂದು ಹೋಗುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಜಯಮ್ಮನೂ ಕವರು ಕೊಟ್ಟಳು. ಯಮನಪ್ಪ ಉಳಿದ.

ಆದರೆ ಮುಯ್ಯಿ ತೀರಿಸಬೇಕಲ್ಲ, ಅದು ನನ್ನ ತಲೆಗೆ ಹೊಳೆದಿರಲಿಲ್ಲ. ತೋಪು ಉಂಡಿತು, ಸಾಲ ನನಗೆ. ಜಯಮ್ಮನ ಮಗಳ ಸೀಮಂತಕ್ಕೆ ಗೊಣಗುತ್ತಲೇ ಕವರು ಹಿಡಿದು ಹೋದೆ. ಅವಳು ತೆಗೆದುಕೊಳ್ಳಲಿಲ್ಲ. "ನಂಗ್ಯಾಕೆ ಅಕ್ಕಾ? ನಂದೂ ತೋಪಿಗೇ ಹಾಕ್ಬಿಡಿ" ಎಂದಳು. ಆಮೇಲೆ ಬೀದಿಯವರೆಲ್ಲ ಹಾಗೇ ಮಾಡತೊಡಗಿದರು. ಮುಯ್ಯಿ ಮುಗಿಯುವುದಿಲ್ಲ, ಯಮನಪ್ಪನ ಪಗಾರವೂ ನಿಲ್ಲುವುದಿಲ್ಲ. ಒಬ್ಬೊಬ್ಬರ ಹೊಟ್ಟೆಯೂ ತಣ್ಣಗಿರಲಿ.

ಮೊನ್ನೆ ಅವನು ನೀರು ಬಿಡುತ್ತಾ, ನಮ್ಮನೆಯಲ್ಲಿ ಇನ್ನು ಯಾವ ಕಾರ್ಯವಿದೆ ಎಂದು ಕೇಳಿದ. "ನಂದೊಂದು ತಿಥಿ ಬಾಕಿ ಇದೆ ಕಣಪ್ಪಾ" ಎಂದೆ.

"ತಿಥಿಗೆ ಮುಯ್ಯಿ ಹಾಕ್ತಾರೇನ್ರಿ?"

ನಮ್ಮಲ್ಲಿ ಆ ಪದ್ಧತಿಯಿಲ್ಲ ಎಂದೆ. ಅವನು ಸ್ವಲ್ಪ ಯೋಚಿಸಿ, "ಹಂಗಾರ ಬ್ಯಾಡ್ರಿ" ಎಂದು ಪೈಪನ್ನು ಮುಂದಿನ ಗಿಡಕ್ಕೆ ಎಳೆದುಕೊಂಡು ಹೋದ.

ಅಂದಿನಿಂದ ಬಿಪಿ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೇನೆ.