ದೂರ ಅಂದ್ರೆ ಎಷ್ಟು, ಭಾವ?

ನನ್ನ ಹೆಂಡತಿಯ ತಮ್ಮನಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ಕಾಲು ಸರಿಯಿಲ್ಲ ಎನ್ನುತ್ತೇನೆ. ತನಗಿಂತ ಬಹಳ ದೊಡ್ಡದೇನಾದರೂ ಕಂಡರೆ ಸಾಕು, ನಿಂತಲ್ಲೇ ಚಪ್ಪಲಿ ಬಿಡುತ್ತಾನೆ. ಮೆಟ್ರೋ ಕಂಬಕ್ಕೆ ಬಿಟ್ಟಿದ್ದಾನೆ, ಕ್ರೇನಿಗೆ ಬಿಟ್ಟಿದ್ದಾನೆ, ಹೆಬ್ಬಾಳ ಕೆರೆಯ ಮೇಲೆ ಕವಿದ ಮೋಡಕ್ಕೆ ಚಪ್ಪಲಿ ಬಿಟ್ಟು ಬಸ್ಸನ್ನೂ ಬಿಟ್ಟಿದ್ದಾನೆ. ದೇವಸ್ಥಾನದಲ್ಲಿ ಮಾತ್ರ ಹಿಂದೆಮುಂದೆ ನೋಡುತ್ತಾನೆ. “ಅಲ್ಲಿ ಕದೀತಾರೆ ಭಾವ.”

ಒಮ್ಮೆ ಗೊರಗುಂಟೆಪಾಳ್ಯದಲ್ಲಿ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಲಾರಿಯೊಂದು ತಿರುಗುತ್ತಿತ್ತು. ಇವನು ರಸ್ತೆಯಂಚಿನಲ್ಲಿ ಬರಿಗಾಲಲ್ಲಿ ನಿಂತ. ಟ್ರಾಫಿಕ್ ಪೊಲೀಸ್ ಬಂದ.

“ಏನ್ ಗುರು, ಮನೆ ಅನ್ಕೊಂಡ್ಯಾ? ಚಪ್ಪಲಿ ಹಾಕ್ಕೊಂಡು ನಡಿ.”

“ಒಂದ್ನಿಮಿಷ ಸಾರ್. ಇನ್ನೂ ಬಾಲ ಬಂದಿಲ್ಲ.”

ಬಾಲ ಬರುವ ತನಕ ಪೊಲೀಸಿನವನೂ ಸೀಟಿ ಮರೆತು ನಿಂತಿದ್ದ.

ನನಗೆ ಹೊಟ್ಟೆ ಉರಿಯದೆ ಇನ್ನೇನು? ನಾನು ತತ್ತ್ವಶಾಸ್ತ್ರದ ಎಂ.ಎ. ಭವ್ಯತೆಯ ಬಗ್ಗೆ ಕಾಲೇಜಿನಲ್ಲಿ ಪ್ರತಿವರ್ಷ ಪಾಠ ಮಾಡುತ್ತೇನೆ. ಈವರೆಗೆ ಯಾವುದರ ಮುಂದೆಯೂ ನನ್ನ ಮೈ ಜುಮ್ಮೆಂದಿಲ್ಲ. ಇವನು ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ತೂಗುವವನು, ದಿನಕ್ಕೆರಡು ಸಲ ಜುಮ್ಮೆನ್ನಿಸಿಕೊಂಡು ಮನೆಗೆ ಬರುತ್ತಾನೆ! ಹೆಂಡತಿ ಬೇರೆ, “ನೀವು ಓದಿದ್ದನ್ನ ಅವನು ನೋಡ್ತಾನೆ ಕಣ್ರೀ” ಎನ್ನುತ್ತಾಳೆ.

ಒಂದು ಭಾನುವಾರ ಅವನು ಊಟಕ್ಕೆ ಬಂದಾಗ ಅವನಿಗೇ ಪಾಠ ಮಾಡಿದೆ. ಬಿರುಗಾಳಿಯ ಭವ್ಯತೆಯನ್ನು ಸವಿಯಬೇಕಾದರೆ ದೂರದಲ್ಲಿ, ಸುರಕ್ಷಿತವಾಗಿ ನಿಂತಿರಬೇಕು. ಆಗ ಮೊದಲು ನಾವೆಷ್ಟು ಸಣ್ಣವರು ಎನ್ನಿಸುತ್ತದೆ. ಆಮೇಲೆ, ಅದು ನಮ್ಮನ್ನು ಕೊಲ್ಲಬಹುದು, ಆದರೆ ಸರಿತಪ್ಪು ಬಲ್ಲ ನಮ್ಮೊಳಗಿನ ಶಕ್ತಿಯನ್ನು ಬಗ್ಗಿಸಲಾರದು ಎಂದು ಹೊಳೆಯುತ್ತದೆ. ಸೌಂದರ್ಯ ನೀತಿಯ ಕೈ ಹಿಡಿಯುವುದು ಅಲ್ಲಿ.

ಅವನು ಅನ್ನ ಕಲೆಸುತ್ತ ಕೇಳಿದ: “ದೂರ ಅಂದ್ರೆ ಎಷ್ಟು, ಭಾವ?”

ನನ್ನ ನೋಟ್ಸಿನಲ್ಲಿ ಅದು ಇರಲಿಲ್ಲ.

ಹೋದ ವಾರ ಸಂಜೆ ಇಬ್ಬರೂ ಗಂಗಾನಗರದಲ್ಲಿ ನಡೆದು ಬರುತ್ತಿದ್ದಾಗ ಗಾಳಿ ಎದ್ದಿತು. ರಸ್ತೆ ಪಕ್ಕದ ದೊಡ್ಡ ಮಳೆಮರ ತೂಗತೊಡಗಿತು. ಇವನು ಚಪ್ಪಲಿ ಬಿಟ್ಟ. ಮರದ ಬುಡದಲ್ಲಿ ಹೂವಿನಜ್ಜಿ ಬುಟ್ಟಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದಳು. “ಬಾರೋ, ನೆನೀತೀವಿ” ಎಂದು ನಾನು ಗೊಣಗುತ್ತಿದ್ದೆ.

“ಭಾವ, ನೆಲ ಉಸಿರಾಡ್ತಿದೆ.”

ಬೇರು ಏಳುತ್ತಿರುವುದು ಅವನ ಅಂಗಾಲಿಗೆ ತಿಳಿದಿತ್ತು. ಶೂ ಹಾಕಿದ್ದ ನನಗೆ ಏನೂ ಗೊತ್ತಾಗಲಿಲ್ಲ.

“ಓಡಿ ಭಾವ!”

ಓಡಿದೆ. ಎದುರಿನ ಔಷಧಿ ಅಂಗಡಿಯ ಮೆಟ್ಟಿಲು ಹತ್ತಿ ತಿರುಗಿದರೆ, ಅವನು ನನ್ನ ಹಿಂದೆ ಇರಲಿಲ್ಲ. ಮರದ ಬುಡಕ್ಕೇ ನುಗ್ಗಿ ಅಜ್ಜಿಯನ್ನು ಎಳೆಯುತ್ತಿದ್ದ. ಅಜ್ಜಿ ಬುಟ್ಟಿ ಬಿಡದೆ ಅವನ ಬೆನ್ನಿಗೆ ಗುದ್ದುತ್ತಿದ್ದಳು. ಮರ ಬಿತ್ತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಕುಕ್ಕರ್ ಕೂಗಿದರೂ ಎದ್ದು ನಿಲ್ಲುತ್ತೇನೆ. ಎಲೆಯ ರಾಶಿಯಾಚೆ ಏನೂ ಕಾಣಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಎಂಬಂತೆ ಅಜ್ಜಿಯ ದನಿ ಕೇಳಿತು: “ನನ್ ಊವೆಲ್ಲ ಓಯ್ತಲ್ಲೋ ಮುಂಡೇದೆ!”

ನನಗೆ ನಾಚಿಕೆಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಪಾಠ ನನ್ನದು, ಅದು ಒಲಿದದ್ದು ಇವನಿಗೆ. ದೂರ ಎಷ್ಟು ಎಂದು ಈಗ ನನಗೆ ಗೊತ್ತು: ಔಷಧಿ ಅಂಗಡಿಯಿಂದ ಆ ಮರಕ್ಕೆ ಇಪ್ಪತ್ತೆರಡು ಹೆಜ್ಜೆ. ಮಾರನೆಯ ದಿನ ಹೋಗಿ ನಡೆದು ನೋಡಿದೆ.

ಆ ಸಂಜೆ ಅವನು ಕೊಂಬೆ ದಾಟಿಕೊಂಡು ಬಂದ. ಮೊಣಕಾಲು ತರಚಿತ್ತು. ಚಪ್ಪಲಿ ಮರದಡಿ ಹೋಗಿತ್ತು. “ನಿಮಗೇನೂ ಆಗ್ಲಿಲ್ವಲ್ಲ ಭಾವ?” ಎಂದ.

ನಾನು ಬಗ್ಗಿ ಶೂ ಬಿಚ್ಚತೊಡಗಿದೆ. ಅವನು ಗಾಬರಿಯಿಂದ ಆಕಾಶ, ಕಂಬ, ಕಟ್ಟಡ ಎಲ್ಲವನ್ನೂ ನೋಡಿದ.

“ಏನ್ ಭಾವ? ಎಲ್ಲಿ? ಯಾವ್ದು?”

“ಹಾಕ್ಕೊಳೋ” ಎಂದೆ. “ಬೀದಿದೀಪ ಒಡೆದಿದೆ. ರಸ್ತೆ ತುಂಬ ಗಾಜು.”