ಎಂಟು ಮೊಳದ ಭಾಷಣ

ಮಕ್ಕಳೇ, ಭಾಷಣವನ್ನು ಮೊಳದಲ್ಲಿ ಅಳೆಯಬಹುದೆಂದು ನಿಮ್ಮ ಶಾಲೆಯಲ್ಲಿ ಯಾರಾದರೂ ಕಲಿಸಿದ್ದಾರೆಯೇ? ಇಲ್ಲವಲ್ಲ! ನಮ್ಮ ಕಾಯ್ಕಿಣಿಯಲ್ಲಿ ಒಬ್ಬರು ಅಳೆಯುತ್ತಾರೆ. ಅವರು ನಿಮ್ಮ ಅಜ್ಜನ ಅಕ್ಕ, ನನಗೆ ಅತ್ತಿಗೆ. ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಮೇಲೆಯೇ ಒಂದು ಸಭೆ ಕರೆದಾರು!

ಅತ್ತಿಗೆಯದು ಮಲ್ಲಿಗೆ ಕಟ್ಟುವ ಕೆಲಸ. ಚುನಾವಣೆ ಬಂತೆಂದರೆ ಹೂವಿನ ಬುಟ್ಟಿ, ಬಾಳೆನಾರು ಹಿಡಿದು ಶಿರಾಲಿಯ ಸಭೆಗಳಿಗೆ ಹೊರಡುತ್ತಾರೆ. ಪಕ್ಷಭೇದವಿಲ್ಲ, ಎಲ್ಲರ ಸಭೆಯಲ್ಲೂ ಮುಂದಿನ ಸಾಲು. ಭಾಷಣಕಾರ "ಬಂಧುಗಳೇ" ಎಂದೊಡನೆ ಮೊದಲ ಗಂಟು. ಭರವಸೆಯೊಂದು ಬಂದರೆ ಮಲ್ಲಿಗೆಯ ನಡುವೆ ಒಂದು ಅಬ್ಬಲಿಗೆ ಹೂ. ಹೋದ ಸಲದ ಭರವಸೆಯನ್ನೇ ಮತ್ತೆ ಕೊಟ್ಟರೆ? ಬಾಡಿದ ಅಬ್ಬಲಿಗೆ!

ಒಮ್ಮೆ ದೊಡ್ಡ ಮುಖಂಡರೊಬ್ಬರು ಭಾಷಣ ಮುಗಿಸಿ ವೇದಿಕೆಯಿಂದ ಇಳಿದವರು, ಅತ್ತಿಗೆಯ ಕೈಯಲ್ಲಿದ್ದ ಹೂ ಕಂಡು ಸೀದಾ ಬಂದು ಕುತ್ತಿಗೆ ಬಗ್ಗಿಸಿದರು.

"ತಡಿ ತಮಾ, ಇದು ನಿಂಗೆ ಹಾಕೂಕಲ್ಲ. ಇದು ನೀ ಮಾತಾಡಿದ್ದು."

"ಹಾಗಂದ್ರೆ ಎಂತದಮ್ಮಾ?"

"ಎಂಟು ಮೊಳ ಮಾತಾಡಿದ್ಯಲ್ಲ, ಅದ್ರಲ್ಲಿ ನಮ್ಮ ಕೇರಿಯ ನೀರಿಗೆ ಬಂದದ್ದು ಇಷ್ಟೇ ನೋಡು" ಎಂದು ಒಂದೇ ಒಂದು ಬಾಡಿದ ಅಬ್ಬಲಿಗೆಯನ್ನು ತೋರಿಸಿದರು.

ನಾನು ಹಿಂದಿನ ಸಾಲಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದೆ. ನಾನಾದರೋ ಬಸ್ಸು ನಿಲ್ಲಿಸಿ ಎನ್ನಲೂ ನಾಚಿ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವವಳು! ದೇವರು ನನ್ನದನ್ನೂ ಸೇರಿಸಿ ಅವರಿಗೇ ಎರಡು ಬಾಯಿ ಕೊಟ್ಟನೇ ಎಂದು ಎಷ್ಟೋ ಸಲ ಬೆರಗಾಗಿದ್ದೇನೆ.

ನೀರಿನ ಮಾತು ಸುಮ್ಮನೆ ಅಲ್ಲ. ಬೇಸಿಗೆ ಬಂತೆಂದರೆ ನಮ್ಮ ಕೇರಿಯ ಬಾವಿಗಳಿಗೆಲ್ಲ ಉಪ್ಪುನೀರು ನುಗ್ಗುತ್ತದೆ. ಕುಡಿಯುವ ನೀರಿಗೆ ಗದ್ದೆ ದಾಟಿ ಹೋಗಬೇಕು. ಹೀಗಿರುವಾಗ ನಮ್ಮ ಪಂಚಾಯತ ಸೀಟು ಹೆಂಗಸರಿಗೆ ಮೀಸಲಾಯಿತು. ಊರ ಹಿರಿಯರು ದೇವಸ್ಥಾನದ ಚಾವಡಿಯಲ್ಲಿ ಕೂತು, ಹಳೆಯ ಮೆಂಬರನ ಹೆಂಡತಿಯೇ ಅವಿರೋಧ ಆಯ್ಕೆಯಾಗಲಿ, ಊರಿನ ಒಗ್ಗಟ್ಟು ಉಳಿಯಲಿ ಎಂದು ತೀರ್ಮಾನಿಸಿದರು.

"ಒಗ್ಗಟ್ಟು ಅಂದ್ರೆ ಎಂತ? ನೀವು ನಾಲ್ಕು ಜನ ಹೇಳೂದು, ನಾವು ನಾನೂರು ಜನ ಬಾಯಿ ಮುಚ್ಚೂದಾ?" ಎಂದ ಅತ್ತಿಗೆ ಮರುದಿನವೇ ನಾಮಪತ್ರ ಕೊಟ್ಟು ಬಂದರು!

ಎದುರಾಳಿಯ ಕರಪತ್ರದಲ್ಲಿ ಗಂಡನ ಫೋಟೋ ಅಂಗೈಯಷ್ಟು, ಚುನಾವಣೆಗೆ ನಿಂತ ಹೆಂಡತಿಯದು ಅಂಚೆಚೀಟಿಯಷ್ಟು. "ಪಾಪ, ಇವ್ಳನ್ನ ಹುಡುಕೂಕೆ ಕನ್ನಡಕ ಬೇಕು ಮಾರಾಯ್ತಿ!" ಎಂದರು ಅತ್ತಿಗೆ. ತಮ್ಮದೇ ಪ್ರಚಾರ ಸಭೆಯಲ್ಲಿ ಅತ್ತಿಗೆ ಆಡಿದ್ದು ಇಷ್ಟೇ: "ಕೇರಿಗೆ ನಲ್ಲಿ ಹಾಕ್ಸ್ತೆ. ಬೇರೆ ಎಂತದೂ ಹೇಳೂದಿಲ್ಲ." ಆ ಭಾಷಣಕ್ಕೆ ಒಂದು ಗೇಣು ಹೂವೂ ಆಗಲಿಲ್ಲ!

ಎಣಿಕೆಯಾದಾಗ ಇಬ್ಬರಿಗೂ ಸಮ ಸಮ ಮತ! ಚೀಟಿ ಎತ್ತುವುದೇ ಕಾನೂನು ಎಂದರು ಅಧಿಕಾರಿ. ಅತ್ತಿಗೆ ಬಿಟ್ಟಾರೆಯೇ?

"ಊರು ಅರ್ಧ ಅರ್ಧ ಆಯ್ತಲ್ಲ, ಎರಡೂವರೆ ವರ್ಷ ಅವ್ಳು ಕೂರ್ಲಿ, ಎರಡೂವರೆ ವರ್ಷ ನಾನು."

"ಹಾಗೆಲ್ಲ ಇಲ್ಲಮ್ಮ."

"ಅಷ್ಟು ಜನ ಬಿಸಿಲಲ್ಲಿ ನಿಂತು ಓಟು ಹಾಕಿದ್ದು, ಕಡೆಗೆ ಡಬ್ಬಿಗೆ ಕೈಹಾಕಿ ಚೀಟಿ ಎತ್ತೂಕಾ?"

ಚೀಟಿ ಎದುರಾಳಿಗೆ ಬಿತ್ತು. ಎರಡು ಮುದ್ರೆ ಬಿದ್ದಿದ್ದ ಒಂದು ಮತಪತ್ರ ತಿರಸ್ಕಾರವಾಯಿತಂತೆ, ಅದು ಸರಿಯಿದ್ದಿದ್ದರೆ ಅತ್ತಿಗೆ ಗೆಲ್ಲುತ್ತಿದ್ದರಂತೆ ಎಂದು ಊರೆಲ್ಲ ಮಾತಾಯಿತು.

ಮಕ್ಕಳೇ, ಆ ಮತಪತ್ರ ನನ್ನದು.

ಮತದಾನದ ಹಿಂದಿನ ದಿನ ಮೆಂಬರನ ಹೆಂಡತಿ ನಮ್ಮ ಜಗಲಿಗೆ ಬಂದು, ಚಾ ಕುಡಿದು, ನನ್ನ ಕೈ ಹಿಡಿದು "ಅಕ್ಕಾ, ನಂಗೇ ಹಾಕ್ಬೇಕು" ಎಂದಿದ್ದಳು. ಇಲ್ಲ ಎನ್ನಲು ನನಗೆಲ್ಲಿ ಬರುತ್ತದೆ? "ಆತು" ಅಂದುಬಿಟ್ಟಿದ್ದೆ. ಮತಗಟ್ಟೆಯಲ್ಲಿ ಅತ್ತಿಗೆಯ ಗುರುತಿಗೆ ಮುದ್ರೆ ಒತ್ತಿದೆ. ಒತ್ತಿದ ಮೇಲೆ ಆ "ಆತು" ನೆನಪಾಯಿತು. ಕೊಟ್ಟ ಮಾತಿಗೆ ಅವಳಿಗೂ ಒಂದಿರಲಿ, ಇಬ್ಬರಿಗೂ ಒಂದೊಂದಾದರೆ ಯಾರಿಗೂ ನಷ್ಟವಿಲ್ಲವಲ್ಲ ಎಂದು ಅಲ್ಲೂ ಮೆಲ್ಲಗೆ ಒತ್ತಿದೆ.

ಅತ್ತಿಗೆ ಸೋತರೂ ಬಿಡಲಿಲ್ಲ. ಪ್ರತಿ ಗ್ರಾಮಸಭೆಯಲ್ಲೂ ಎದ್ದುನಿಂತರು. ನಲ್ಲಿ ಬರಲು ಮತ್ತೆರಡು ಬೇಸಿಗೆ ಹಿಡಿಯಿತು. ಅಷ್ಟು ದಿನವೂ ಗದ್ದೆ ದಾಟಿ ನೀರು ಹೊರುವ ಹೆಂಗಸರ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ. ನಲ್ಲಿಯಲ್ಲಿ ಮೊದಲ ಬಾರಿ ನೀರು ಬಂದ ದಿನ, ಕೊಡ ಇಟ್ಟು ಕೂತಾಗ ಅತ್ತಿಗೆಯ ಕಿವಿಯಲ್ಲಿ ಎಲ್ಲ ಹೇಳಿದೆ.

"ಗೊತ್ತಿತ್ತು" ಎಂದರು ಅತ್ತಿಗೆ. "ಎಣಿಸುವಾಗ ಆ ಕಾಗ್ದ ನಂಗೂ ತೋರ್ಸಿದ್ರು. ನನ್ನ ಗುರುತಿನ ಮೇಲೆ ಕಾಗ್ದ ಹರಿಯೂವಷ್ಟು ಒತ್ತಿತ್ತು. ಅವ್ಳದ್ರ ಮೇಲೆ ಬೆಕ್ಕು ಕಾಲಿಟ್ಟ ಹಾಂಗೆ. ಅಷ್ಟು ನಾಚ್ಕೊಂಡು ಮುದ್ರೆ ಒತ್ತೂದು ಈ ಊರಲ್ಲಿ ನೀನಲ್ದೆ ಮತ್ಯಾರು?"

"ಹಾಂಗಿದ್ರೆ ಅಲ್ಲಿ ಎಂತಕ್ಕೆ ಜಗಳ ಮಾಡ್ಲಿಲ್ಲ ಅತ್ಗೆ?"

"ಮಾಡಿದ್ರೆ ಎಲ್ರೂ ಆ ಕಾಗ್ದ ಬಗ್ಗಿ ನೋಡ್ತಿದ್ರು. ಯಾರದ್ದು ಅಂತ ಊಹೆ ಮಾಡ್ತಿದ್ರು. ಆಮೇಲೆ ನೀನು ಮನೆಯಿಂದ ಹೊರಗೆ ಬರ್ತಿದ್ಯಾ?"

ದೊಡ್ಡ ಮುಖಂಡರ ಮುಂದೆಯೂ ಸುಮ್ಮನಿರದ ಆ ಬಾಯಿ, ಗೆಲುವು ಕೈಯಳತೆಯಲ್ಲಿದ್ದಾಗ ನನಗಾಗಿ ಸುಮ್ಮನಿತ್ತು. ನನ್ನ ಕಣ್ಣು ತುಂಬಿ ಬಂತು. ಅತ್ತಿಗೆ ತಮ್ಮ ಸೆರಗಿನಿಂದ ಅದನ್ನು ಒರೆಸಿದರು.

"ಅಳೂದು ಮನೆಗೆ ಹೋಗಿ. ನಿನ್ನ ಹಿಂದೆ ಆರು ಜನ ನಿಂತಿದ್ದಾರೆ. ಕೊಡ ಎತ್ತು."