ಮೀಟರಣ್ಣ ಕಾದಂಬರಿಗೆ ಜಾಗ ಮಾಡಿದ್ದು

"ಇಪ್ಪತ್ತು ವರ್ಷ ಬರೀ ಓದಿದ್ದೇ ಆಯ್ತು. ನಾಳೆಯಿಂದ ಬರೀತೀನಿ!"

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಮೀಟರಣ್ಣ ಹೀಗೆಂದು ಘೋಷಿಸಿದ. ಅವನು ಇಪ್ಪತ್ತು ವರ್ಷ ಓದಿದ್ದು ಪುಸ್ತಕಗಳನ್ನಲ್ಲ, ಮನೆಮನೆಯ ಕರೆಂಟ್ ಮೀಟರುಗಳನ್ನು. ಆ ಹೆಸರು ಬಂದದ್ದೂ ಅದರಿಂದಲೇ. ಆದರೆ ಸಾವಿರ ಬಾಗಿಲು ತಟ್ಟಿದವನ ಹೊಟ್ಟೆಯಲ್ಲಿ ಸಾವಿರ ಪುಟದ ಕಾದಂಬರಿ ಇರದೆ ಇದ್ದೀತೆ?

"ಬರೀರಿ, ಯಾರು ಬೇಡ ಅಂದ್ರು?" ಎಂದಳು ಹೆಂಡತಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. ಅವಳು ಮನೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುವವಳು.

"ಸುಮ್ನೆ ಹಾಗೆ ಬರೆಯೋಕಾಗುತ್ತೇನೇ? ಸಾಹಿತ್ಯಕ್ಕೆ ಜಾಗ ಬೇಕು, ಸಮಯ ಬೇಕು, ಬೆಳಕು ಬೇಕು!"

ಬೆಳಕಿದ್ದದ್ದು ಮನೆಯಲ್ಲಿ ಒಂದೇ ಕಡೆ, ಅವಳ ಹೊಲಿಗೆ ಮೆಷಿನ್ ಇದ್ದ ಕಿಟಕಿಯ ಹತ್ತಿರ. ಸಾಹಿತ್ಯ ಸೇವೆಗಾಗಿ ಮೆಷಿನ್ ಬಚ್ಚಲಮನೆಯ ಮುಂದಿನ ಸಂದಿಗೆ ಗಡಿಪಾರಾಯಿತು. ಕಿಟಕಿಯ ಬಳಿ ಮೇಜು ಬಂತು. ಮೇಜಿನ ಮೇಲೆ ಆಫೀಸಿನಿಂದ ತಂದ ಕೆಂಪು ರಟ್ಟಿನ ಉದ್ದನೆ ಪುಸ್ತಕ ಬಂತು. ಅಂಥದ್ದೇ ಇನ್ನೊಂದನ್ನು ಅವನು ಹಿಂದೆಯೇ ಹೆಂಡತಿಗೆ ತಂದುಕೊಟ್ಟಿದ್ದ. ಅದರಲ್ಲಿ ಅವಳು ಗಿರಾಕಿಗಳ ಅಳತೆ ಬರೆದಿಡುತ್ತಿದ್ದಳು.

ಮೊದಲ ವಾರ ಬಿಸಿಲು ಕಣ್ಣಿಗೆ ಹೊಡೆಯಿತು, ಮೇಜು ಗೋಡೆಗೆ ಸರಿಯಿತು. ಗೋಡೆಯಾಚೆ ಪಕ್ಕದ ಮನೆಯವರು ಸೀನಿದ್ದಕ್ಕೆ ಕಲ್ಪನೆ ಕದಡಿತು, ಮೇಜು ಅಡುಗೆಮನೆಯ ಬಾಗಿಲಿಗೆ ಬಂತು. ಅಲ್ಲಿ ಒಗ್ಗರಣೆಯ ವಾಸನೆಗೆ ಸರಸ್ವತಿ ಹೋಗಿ ಹಸಿವು ಬಂತು! ಮೇಜು ಮತ್ತೆ ಕಿಟಕಿಗೆ. ದಿನಾ ಐದಕ್ಕೆ ಏಳುತ್ತಿದ್ದ, ಪೆನ್ಸಿಲ್ ಚೂಪು ಮಾಡುತ್ತಿದ್ದ, ಮೇಜು ಎಳೆಯುತ್ತಿದ್ದ, ಕೆಲಸಕ್ಕೆ ಹೋಗುತ್ತಿದ್ದ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಸೊಂಟ ಹಿಡಿದಿತ್ತು, ಕಾದಂಬರಿ ಮಾತ್ರ ಅಲ್ಲಾಡಿರಲಿಲ್ಲ.

ಏನೂ ಬರೆದಿರಲಿಲ್ಲ ಎಂದರೆ ಅನ್ಯಾಯವಾದೀತು. ಅರ್ಪಣೆ ಬರೆದಿದ್ದ. ಮುನ್ನುಡಿ ಬರೆದಿದ್ದ. ಎರಡನೇ ಮುದ್ರಣಕ್ಕೊಂದು ಮಾತನ್ನೂ ಬರೆದಿಟ್ಟಿದ್ದ!

ಅವನ ಸುತ್ತಿನಲ್ಲಿ ವಾರಪತ್ರಿಕೆಯ ಸಂಪಾದಕರೊಬ್ಬರ ಮನೆಯಿತ್ತು. ಮೀಟರ್ ಓದಲು ಹೋದಾಗಲೆಲ್ಲ "ಕಾದಂಬರಿ ನಡೀತಿದೆ ಸಾರ್" ಎಂದು ಬಡಾಯಿ ಕೊಚ್ಚಿ ಬರುತ್ತಿದ್ದ. "ತೋರಿಸ್ರೀ ನೋಡೋಣ" ಎಂದು ಅವರು ಗಂಟುಬಿದ್ದರು. ಶನಿವಾರ ಬೆಳಿಗ್ಗೆ ಅವಸರದಲ್ಲಿ ಮೇಜಿನ ಮೇಲಿದ್ದ ಕೆಂಪು ಪುಸ್ತಕ ಬಗಲಿಗೆ ಹಾಕಿಕೊಂಡು ಹೋಗಿ ಕೊಟ್ಟೇಬಿಟ್ಟ. "ಮೊದಲು ಮುನ್ನುಡಿ ನೋಡಿ ಸಾರ್. ನಿಜವಾದ ತೂಕ ಅಲ್ಲೇ ಇರೋದು."

ಮಧ್ಯಾಹ್ನ ಮನೆಗೆ ಬಂದರೆ, ಹೆಂಡತಿಯ ಗಿರಾಕಿ ಹೆಡ್‌ಮಿಸ್ಟ್ರೆಸ್ ಮೇಡಂ ಹೊಲಿಯಲು ಕೊಟ್ಟಿದ್ದ ಕೋಟು ತೆಗೆದುಕೊಂಡು ಹೋಗಲು ಬಂದು ಕೂತಿದ್ದರು. ಕೋಟು ಇನ್ನೂ ಬಟ್ಟೆಯಾಗಿಯೇ ಇತ್ತು. ಮೇಡಂ ಕೈಯಲ್ಲಿ ಕೆಂಪು ಪುಸ್ತಕ. ಹಾಜರಿ ಕೂಗುವ ಗಂಟಲಲ್ಲಿ ಅವರು ಓದುತ್ತಿದ್ದರು:

"ಅರ್ಪಣೆ! ನನ್ನನ್ನು ಎಂದೂ ಅರ್ಥ ಮಾಡಿಕೊಳ್ಳದ ಹೆಂಡತಿಗೆ!"

ಮೀಟರಣ್ಣ ಪುಸ್ತಕ ಕಿತ್ತುಕೊಳ್ಳಲು ಮುಂದೆ ಬಂದ. ಹೆಂಡತಿ ಕತ್ತರಿ ಹಿಡಿದು ನಿಂತಿದ್ದಳು.

"ಅರ್ಥ ಮಾಡ್ಕೊಳ್ದೇ ಇರೋ ವಿಷಯ ಆಮೇಲೆ ನೋಡೋಣ. ನನ್ನ ಅಳತೆ ಪುಸ್ತಕ ಎಲ್ರೀ? ರಾತ್ರಿ ನಿಮ್ಮ ಮೇಜಿನ ಮೇಲೇ ಇಟ್ಟಿದ್ದೆ."

ಈ ಪುಸ್ತಕ ಇಲ್ಲಿದೆ. ಹಾಗಾದರೆ ಅಲ್ಲಿ ಕೊಟ್ಟದ್ದು...? ಇಪ್ಪತ್ತು ವರ್ಷ ಮೀಟರುಗಳ ಮಧ್ಯೆ ಬದುಕಿದವನಿಗೆ ಒಮ್ಮೆಯೂ ಹೊಡೆಯದ ಶಾಕ್ ಆಗ ಹೊಡೆಯಿತು. ಬಡಾವಣೆಯ ಸಮಸ್ತ ಹೆಂಗಸರ ಸುತ್ತಳತೆ ಸಂಪಾದಕರ ಕೈಯಲ್ಲಿ!

"ಸಂಪಾದಕರಿಗೆ... ಕೊಟ್ಬಿಟ್ಟೆ ಕಣೇ."

"ಅಯ್ಯೋ! ಹೊರಗೆ ಗೊತ್ತಾದ್ರೆ ಇನ್ನು ನನ್ನ ಹತ್ರ ಯಾರ್ರೀ ಹೊಲಿಸ್ತಾರೆ?" ಅವಳ ಕಣ್ಣಲ್ಲಿ ನೀರು ಬಂತು. "ಸಾಲದ್ದಕ್ಕೆ ಅದರಲ್ಲಿ ಬೇರೇನೋ ಇದೆ..."

"ನನ್ನ ಸೊಂಟ ಪತ್ರಿಕೆಯವರ ಕೈಗೆ ಹೋಯ್ತಾ?" ಎಂದು ಮೇಡಂ ಕೂತಲ್ಲೇ ಕುಸಿದರು.

ಮೀಟರಣ್ಣ ಚಪ್ಪಲಿ ಮೆಟ್ಟಿ ಓಡಬೇಕು, ಅಷ್ಟರಲ್ಲಿ ಸಂಪಾದಕರೇ ಪುಸ್ತಕ ಎದೆಗವಚಿಕೊಂಡು ಹೊಸಿಲು ದಾಟಿದರು.

"ಏನ್ರೀ ಬರವಣಿಗೆ ಇದು! ಊಟ ಮರೆತು ಓದಿದೆ!"

"ಸಾರ್, ಮುನ್ನುಡಿನಾ?" ಆಸೆ ನೋಡಿ ಮೀಟರಣ್ಣನದು!

"ಯಾವ ಮುನ್ನುಡಿ? ಅಳತೆ ಪಕ್ಕದಲ್ಲೇ ಕಥೆಗಳಿವೆಯಲ್ರೀ! ಅಳತೆ ಕೊಡೋಕೆ ಕೈ ಎತ್ತಿ ನಿಂತ ಹೆಂಗಸರು ಒಬ್ಬೊಬ್ಬರೂ ಒಂದೊಂದು ಮನಸ್ಸಿನ ಮಾತು ಹೇಳ್ತಾರೆ. ಹನ್ನೊಂದು ಕಥೆ! ಎಲ್ಲಾನೂ ಪತ್ರಿಕೇಲಿ ಹಾಕ್ತೀನಿ, ಆಮೇಲೆ ಪುಸ್ತಕಾನೂ ಮಾಡೋಣ. ಆದ್ರೆ ನಿಮಗೆ ಹೆಂಗಸರ ಮನಸ್ಸು ಇಷ್ಟು ಹೇಗೆ ಗೊತ್ತು ಅಂತ?"

ಮೀಟರಣ್ಣ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಅವಳು ಕತ್ತರಿ ಕೆಳಗಿಟ್ಟು ತಲೆ ತಗ್ಗಿಸಿದ್ದಳು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಕಿವಿಯವರೆಗೂ ಕೆಂಪಾಗಿದ್ದಳು.

ಮೊದಲು ಚೇತರಿಸಿಕೊಂಡವರು ಮೇಡಂ. "ಅದರಲ್ಲಿ ನಾನೂ ಇದೀನಾ?"

"ಇದೀರಿ ಮೇಡಂ. ಹೆಸರಿಲ್ಲ. ಸೊಂಟಾನೂ ನಾಲ್ಕಿಂಚು ಕಮ್ಮಿ ಮಾಡಿದೀನಿ."

"ಹಾಗಿದ್ರೆ ಅಚ್ಚಾಗ್ಲಿ ಬಿಡು," ಎಂದು ಮೇಡಂ ಎದ್ದು, ಹೊಸ ಅಳತೆಗೆ ಕೈ ಎತ್ತಿ ನಿಂತರು. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿಕೊಂಡರು.

ಎಲ್ಲರೂ ಹೋದ ಮೇಲೆ ಮೀಟರಣ್ಣ ತನ್ನ ಮೇಜನ್ನು ಬಚ್ಚಲ ಸಂದಿಗೆ ಎಳೆದ. ಮೆಷಿನ್ನನ್ನು ಕಿಟಕಿಗೆ ತಂದಿಟ್ಟ. ಸೊಂಟ ಹಿಡಿದದ್ದೂ ತಿಳಿಯಲಿಲ್ಲ, ನಾಚಿಕೆ ಅಷ್ಟಿತ್ತು.

"ಅಲ್ವೇ, ಅಡುಗೆ, ಹೊಲಿಗೆ, ಗಿರಾಕಿ... ಇದರ ಮಧ್ಯೆ ಇದನ್ನೆಲ್ಲ ಯಾವಾಗ ಬರೆದೆ?"

"ನೀವು ಬರೆಯೋಕೆ ಜಾಗ ಹುಡುಕ್ತಾ ಇದ್ರಲ್ಲ, ಆವಾಗ."

ಮೀಟರಣ್ಣ ತನ್ನ ಕೆಂಪು ಪುಸ್ತಕ ಮುಚ್ಚಿಟ್ಟ. ಆಮೇಲೆ ಮೆಲ್ಲಗೆ ಕೇಳಿದ, "ನಾನು ಇನ್ನು ಬರೆಯೋದೇ ಬೇಡ ಅಂತೀಯಾ?"

ಹೆಂಡತಿಗೆ ಪಾಪ ಅನಿಸಿತು. ಸೂಜಿಗೆ ದಾರ ಪೋಣಿಸುತ್ತಾ ನಕ್ಕಳು.

"ಅಯ್ಯೋ, ಬರೀರಿ! ನನ್ನ ಪುಸ್ತಕಕ್ಕೆ ಬೇಕಲ್ಲ. ಬರೀ ಮುನ್ನುಡಿ!"